ಎಫ್‌ಆರ್ ಇದೆಯಲ್ಲ ಮೇಡಂ, ಸಾಲದಾ?

"ಎಫ್‌ಆರ್ ಇದೆಯಲ್ಲ ಮೇಡಂ, ಬೆಂಕಿನೇ ಹಬ್ಬಲ್ಲ. ಇನ್ನೇನು ಬೇಕು?"

ಮಂಗಳವಾರದಿಂದ ಈ ಮಾತು ತಲೆಯಿಂದ ಇಳಿಯುತ್ತಿಲ್ಲ. ಹೇಳಿದವರು ನಮ್ಮ ಸೈಟಿನ ವೈರಿಂಗ್ ಗುತ್ತಿಗೆದಾರರು. ಎಫ್‌ಆರ್ ಅಂದರೆ ಜ್ವಾಲೆ ಸುಲಭವಾಗಿ ಹಬ್ಬದ ವೈರ್. ಕಟ್ಟುತ್ತಿರುವುದು ಆಸ್ಪತ್ರೆ. ಟೆಂಡರ್‌ನಲ್ಲಿ ಎಲ್‌ಎಸ್‌ಝಡ್‌ಎಚ್ ವೈರ್, ಅಂದರೆ ಸುಟ್ಟಾಗ ಹೊಗೆ ಕಡಿಮೆ ಬರುವ, ಕ್ಲೋರಿನ್‌ನಂಥ ಹ್ಯಾಲೋಜನ್ ಇಲ್ಲದ ವೈರ್ ಅಂತ ಸ್ಪಷ್ಟವಾಗಿ ಬರೆದಿದೆ. ಬಂದ ಕಾಯಿಲ್ ಬಿಚ್ಚಿ ವೈರಿನ ಮೈಮೇಲಿನ ಅಕ್ಷರ ಓದಿದರೆ ಬರೀ ಎಫ್‌ಆರ್ ಪಿವಿಸಿ, ಅಂದರೆ ಮಾಮೂಲಿ ಪ್ಲಾಸ್ಟಿಕ್ ಹೊದಿಕೆಯ ಎಫ್‌ಆರ್ ವೈರ್.

ಅವರು ಕೆಟ್ಟ ಮನುಷ್ಯ ಅಲ್ಲ. ಡಿಬಿ, ಅಂದರೆ ಕರೆಂಟ್ ಹಂಚುವ ಪೆಟ್ಟಿಗೆಯ ಒಳಗೆ ಅವರ ಹುಡುಗರು ವೈರ್ ಜೋಡಿಸಿ, ತುದಿಗೆ ಫೆರೂಲ್ ಅನ್ನುವ ಚಿಕ್ಕ ಕೊಳವೆ ಹಾಕಿರುವುದನ್ನು ನೋಡಿದರೆ ಖುಷಿಯಾಗುತ್ತೆ. ಅರ್ಥಿಂಗ್ ವಿಷಯದಲ್ಲಿ ಯಾವತ್ತೂ ಕಳ್ಳಾಟ ಆಡಿದವರಲ್ಲ. ಅದಕ್ಕೇ ಈ ಮಾತು ಜಾಸ್ತಿ ಚುಚ್ಚಿತು. ಕೆಲಸ ಗೊತ್ತಿಲ್ಲದವರು ಹೇಳಿದ್ದರೆ ಬೈದು ಮರೆತುಬಿಡಬಹುದಿತ್ತು.

ವಾದ ಮುಗಿಯದಿದ್ದಾಗ ಅವರೇ ಅಂದರು, ಸುಟ್ಟೇ ನೋಡೋಣ ಅಂತ. ಹೊರಗೆ ಬಯಲಿಗೆ ಹೋಗಿ, ಗಾಳಿಗೆ ಬೆನ್ನು ಮಾಡಿ ನಿಂತು ಎರಡೂ ಬಗೆಯ ವೈರಿನ ಒಂದೊಂದು ತುಂಡು ಹಚ್ಚಿದೆವು. ಎಫ್‌ಆರ್ ತುಂಡು ಉರಿಯಿತು, ಲೈಟರ್ ತೆಗೆದ ತಕ್ಷಣ ಆರಿತು. "ನೋಡಿ, ಆರಿತಲ್ವಾ?" ಅಂದರು. ಆರಿತು ನಿಜ. ಆದರೆ ಆ ನಾಲ್ಕು ಗಳಿಗೆಯಲ್ಲಿ ಅಷ್ಟು ಚಿಕ್ಕ ತುಂಡಿನಿಂದ ಕಪ್ಪು ಹೊಗೆ ಎದ್ದಿತು, ಮಸಿಯ ಎಳೆಗಳು ಗಾಳಿಯಲ್ಲಿ ತೇಲಿದವು, ಹತ್ತಿರ ನಿಂತಿದ್ದ ಹೆಲ್ಪರ್ ಹುಡುಗ ಕೆಮ್ಮುತ್ತಾ ಕಣ್ಣು ಒರೆಸಿಕೊಂಡು ದೂರ ಸರಿದ. ಎಲ್‌ಎಸ್‌ಝಡ್‌ಎಚ್ ತುಂಡಿನಿಂದ ಬಂದಿದ್ದು ತೆಳು ಬಿಳಿ ಹೊಗೆ, ಅದರಾಚೆಗಿನ ಗೋಡೆ ಪೂರ್ತಿ ಕಾಣುತ್ತಿತ್ತು.

ಇದನ್ನೇ ಪರೀಕ್ಷೆ ಅಂತ ಯಾರೂ ಒಪ್ಪಬಾರದು. ಅಸಲಿ ಪರೀಕ್ಷೆ ಐಇಸಿ 61034, ವಿದ್ಯುತ್ ಸಾಮಾನುಗಳ ಅಂತರರಾಷ್ಟ್ರೀಯ ಮಾನದಂಡಗಳಲ್ಲಿ ಒಂದು. ಮೂರು ಮೀಟರ್ ಉದ್ದ, ಅಗಲ, ಎತ್ತರದ ಮುಚ್ಚಿದ ಕೋಣೆಯಲ್ಲಿ ಕೇಬಲ್ ಸುಟ್ಟು, ಹೊಗೆಯ ನಡುವೆ ಬೆಳಕು ಎಷ್ಟು ದಾಟುತ್ತೆ ಅಂತ ಅಳೆಯುತ್ತಾರೆ. ಬರುವ ಗ್ಯಾಸ್ ಎಷ್ಟು ಆಮ್ಲೀಯ ಅನ್ನುವುದಕ್ಕೆ ಐಇಸಿ 60754 ಇದೆ. ಪಿವಿಸಿಯಲ್ಲಿ ಕ್ಲೋರಿನ್ ಇರುತ್ತೆ, ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಬರುತ್ತೆ, ಅದು ಕಣ್ಣು, ಗಂಟಲಿನ ತೇವಕ್ಕೆ ಸೇರಿದರೆ ಆಮ್ಲ. ಎಫ್‌ಆರ್ ಅನ್ನುವ ಗುರುತು ಇದ್ಯಾವುದನ್ನೂ ಹೇಳುವುದಿಲ್ಲ, ಜ್ವಾಲೆ ಹಬ್ಬುವುದರ ಬಗ್ಗೆ ಮಾತ್ರ ಹೇಳುತ್ತೆ. ಅದರಲ್ಲೂ ಒಂಟಿ ವೈರಿನ ಪರೀಕ್ಷೆ ಬೇರೆ, ಕಟ್ಟು ಕಟ್ಟಿ ನಿಲ್ಲಿಸಿದ ಕೇಬಲ್‌ಗಳ ಪರೀಕ್ಷೆ ಬೇರೆ. ಒಂಟಿಯಾಗಿ ತಾನೇ ಆರುವ ವೈರ್, ಮಹಡಿಯಿಂದ ಮಹಡಿಗೆ ಕೇಬಲ್ ಹೋಗುವ ಶಾಫ್ಟ್‌ನಲ್ಲಿ ಹತ್ತಾರು ಕೇಬಲ್‌ಗಳ ಜೊತೆ ಇದ್ದಾಗ ಮೇಲಿನ ಮಹಡಿವರೆಗೂ ಬೆಂಕಿ ಒಯ್ಯಬಹುದು.

1980ರಲ್ಲಿ ಲಾಸ್ ವೇಗಸ್‌ನ ಎಂಜಿಎಂ ಗ್ರ್ಯಾಂಡ್ ಹೋಟೆಲಿನಲ್ಲಿ 85 ಜನ ಸತ್ತರು. ಬೆಂಕಿ ಶುರುವಾಗಿದ್ದು ಕೆಳಗಿನ ರೆಸ್ಟೋರೆಂಟಿನ ವೈರಿಂಗ್ ದೋಷದಿಂದ. ಸತ್ತವರಲ್ಲಿ ಹೆಚ್ಚಿನವರು ಮೇಲಿನ ಮಹಡಿಗಳಲ್ಲಿದ್ದರು, ಜ್ವಾಲೆ ಅವರ ಹತ್ತಿರಕ್ಕೂ ಹೋಗಿರಲಿಲ್ಲ, ಕೊಂದಿದ್ದು ಹೊಗೆ. ಆ ಹೊಗೆ ಬರೀ ವೈರಿನದ್ದಲ್ಲ, ನಿಜ. ಆದರೆ ಮೆಟ್ಟಿಲು ಹುಡುಕುತ್ತಿರುವವರಿಗೆ ಅದು ಯಾವುದರ ಹೊಗೆ ಅನ್ನುವುದು ಬೇಕಾಗಿಲ್ಲ, ಅಲ್ವಾ?

ನಮ್ಮದಂತೂ ಆಸ್ಪತ್ರೆ. ವೆಂಟಿಲೇಟರ್ ಮೇಲಿರುವವರು ಎದ್ದು ಓಡುತ್ತಾರಾ? ಸ್ವಂತ ಮನೆಯಲ್ಲಿ ಯಾವ ವೈರ್ ಹಾಕಬೇಕು ಅಂತ ಮನೆಯವರು ನಿರ್ಧರಿಸಬಹುದು. ಆಸ್ಪತ್ರೆ, ಶಾಲೆ, ಚಿತ್ರಮಂದಿರದ ಒಳಗೆ ಬರುವವರನ್ನು ಯಾರೂ ಕೇಳುವುದಿಲ್ಲ. ಅವರಿಗೆ ಹೊರದಾರಿಯೂ ಗೊತ್ತಿರುವುದಿಲ್ಲ. ಸಾರ್ವಜನಿಕ ಕಟ್ಟಡಕ್ಕೆ ನಿಯಮ ಬಿಗಿ ಇರುವುದು ಇದಕ್ಕೇ. ಇದರಲ್ಲಿ ಚೌಕಾಸಿ ಮಾಡುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತೆ.

ಗುತ್ತಿಗೆದಾರರ ಕಷ್ಟವೂ ಸುಳ್ಳಲ್ಲ. ಎಲ್‌ಎಸ್‌ಝಡ್‌ಎಚ್ ದುಬಾರಿ, ಎಳೆಯುವಾಗ ಮೇಲ್ಮೈ ಬೇಗ ಗೀರುತ್ತೆ, ಹುಡುಗರು ನಿಧಾನವಾಗಿ ಕೆಲಸ ಮಾಡಬೇಕು. ಅದನ್ನು ರೇಟ್ ಹಾಕುವಾಗಲೇ ಹೇಳಬೇಕಿತ್ತು. ಫೈರ್ ಅಲಾರಂ, ಹೊಗೆ ಹೊರಹಾಕುವ ಫ್ಯಾನ್, ಫೈರ್ ಪಂಪ್, ಇವಕ್ಕೆ ಬರೀ ಎಲ್‌ಎಸ್‌ಝಡ್‌ಎಚ್ ಕೂಡ ಸಾಲದು. ಸುತ್ತ ಉರಿಯುತ್ತಿದ್ದರೂ ಕರೆಂಟ್ ಹರಿಸುತ್ತಲೇ ಇರುವ, ಐಇಸಿ 60331 ಪಾಸಾದ ಕೇಬಲ್ ಬೇಕು, ಹಿಡಿದಿಡುವ ಕ್ಲಾಂಪ್ ಕೂಡ ಲೋಹದ್ದೇ ಆಗಬೇಕು. ಪ್ಲಾಸ್ಟಿಕ್ ಕ್ಲಿಪ್ ಕರಗಿ ಕೇಬಲ್ ಜೋತುಬಿದ್ದರೆ ಕೆಳಗೆ ಓಡುತ್ತಿರುವವರ, ಒಳಗೆ ನುಗ್ಗುವ ಅಗ್ನಿಶಾಮಕ ಸಿಬ್ಬಂದಿಯ ಮೈಗೆ ಸುತ್ತಿಕೊಳ್ಳುತ್ತೆ.

ಬಿಚ್ಚದ ಕಾಯಿಲ್‌ಗಳು ವಾಪಸ್ ಹೋದವು. ಹೊಸ ಮಾಲಿನ ಜೊತೆ ಬ್ಯಾಚ್ ನಂಬರ್ ಇರುವ ಟೆಸ್ಟ್ ರಿಪೋರ್ಟ್ ಬೇಕು ಅಂತ ಲಿಖಿತವಾಗಿ ಕೇಳಿದ್ದೇನೆ. ನಾನು ನೋಡುವಷ್ಟರಲ್ಲಿ ಮೊದಲ ಮಹಡಿಯ ಎರಡು ವಾರ್ಡ್‌ಗಳಲ್ಲಿ ಅದೇ ಎಫ್‌ಆರ್ ವೈರನ್ನು ಪೈಪ್ ಒಳಗೆ ಎಳೆದೂ ಆಗಿತ್ತು. "ಅದೊಂದು ಇರಲಿ ಬಿಡಿ ಮೇಡಂ, ಪೈಪ್ ಒಳಗಿದೆ, ಯಾರಿಗೆ ಕಾಣುತ್ತೆ?" ಅನ್ನುತ್ತಿದ್ದಾರೆ. ಅದನ್ನು ಎಳೆದು ತೆಗೆಯುವವರೆಗೂ ಆ ಮಹಡಿಯ ಬಿಲ್ಲಿಗೆ ನಾನು ಸಹಿ ಹಾಕುವುದಿಲ್ಲ.