ರಾಸಲೈನಿನ ಜಾಡು

ಶಿಗ್ಗಾಂವಿ ತಾಲೂಕಿನ ಹಳ್ಳಿಯೊಂದರಲ್ಲಿರುವ ನನ್ನ ಗೆಳೆಯನ ಮನೆಯ ದೇವರ ಜಗಲಿಯ ಮೇಲೆ, ಅಂಬಾಭವಾನಿಯ ಮೂರ್ತಿಯ ಪಕ್ಕದಲ್ಲಿ, ಅಂಗೈಗಿಂತ ದೊಡ್ಡದಾದ ಒಂದು ಕಂಚಿನ ಬಿಲ್ಲೆಯಿದೆ. ಅದರಲ್ಲಿ ತ್ರಿಶೂಲದಂಥ ಆಯುಧ ಹಿಡಿದು ನಿಂತ ಹೆಂಗಸೊಬ್ಬಳಿದ್ದಾಳೆ, ಅವಳ ಮುಂದೆ ಸಿಂಹವಿದೆ. ಮನೆಯವರು ಅದನ್ನು ದೇವಿಯೆಂದೇ ನಂಬಿ, ನವರಾತ್ರಿಗೊಮ್ಮೆ ಹುಣಸೆಹಣ್ಣಿನಿಂದ ತಿಕ್ಕಿ ಬೆಳಗಿ, ಕುಂಕುಮ ಹಚ್ಚುತ್ತ ಬಂದಿದ್ದಾರೆ. ಕಳೆದ ವರ್ಷ ಘಟಸ್ಥಾಪನೆಯ ದಿನ ನಾನು ಅಲ್ಲಿಗೆ ಹೋದಾಗ ಬಿಲ್ಲೆ ಆಗಷ್ಟೇ ಸ್ನಾನ ಮುಗಿಸಿ ಒರೆಸಿಕೊಂಡು ಕೂತಿತ್ತು. ಅಂಚಿನಲ್ಲಿ ಇಂಗ್ಲಿಷ್ ಅಕ್ಷರಗಳು ಕಂಡವು. ಹೆಂಗಸಿನ ಕೈಯಲ್ಲಿದ್ದ ಹೂಮಾಲೆಯ ಕೆಳಗಿನ ಚೌಕದಲ್ಲಿ, ತಿಕ್ಕಿ ತಿಕ್ಕಿ ಸವೆದಿದ್ದರೂ, ಓದಲು ಬರುವಂಥ ಒಂದು ಹೆಸರಿತ್ತು. ಅದು ಗೆಳೆಯನ ಅಜ್ಜನ ಅಣ್ಣನ ಹೆಸರು.

ಮೊದಲ ಮಹಾಯುದ್ಧದಲ್ಲಿ ಸತ್ತವರ ಮನೆಗಳಿಗೆ ಬ್ರಿಟಿಷ್ ಸರ್ಕಾರ ಕಳಿಸಿದ ಸ್ಮಾರಕ ಬಿಲ್ಲೆ ಅದು. ಹದಿಮೂರು ಲಕ್ಷಕ್ಕೂ ಹೆಚ್ಚು ಬಿಲ್ಲೆಗಳನ್ನು ಎರಕ ಹೊಯ್ದಿದ್ದರಂತೆ. ಅದರಲ್ಲಿರುವ ಹೆಂಗಸು ಬ್ರಿಟಾನಿಯಾ, ಬ್ರಿಟನ್ ದೇಶವನ್ನೇ ಹೆಣ್ಣಾಗಿ ಕಲ್ಪಿಸಿದ ರೂಪ. ಸತ್ತವರೆಲ್ಲ ಸಮಾನರೆಂಬ ಎಣಿಕೆಯಿಂದ ಅದರ ಮೇಲೆ ಹುದ್ದೆಯನ್ನಾಗಲಿ ಪಲ್ಟಣಿಯನ್ನಾಗಲಿ ಬರೆಯುತ್ತಿರಲಿಲ್ಲ. ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ನೂರು ವರ್ಷಗಳ ನಂತರ ಹುಡುಕಲು ಹೊರಟವನಿಗೆ ಅದೇ ದೊಡ್ಡ ತೊಡಕಾಯಿತು. ಬೆಳ್ಳಿಯ ಪದಕವೂ ಒಂದಿತ್ತಂತೆ. ಅದರ ಅಂಚಿನಲ್ಲಿ ಸೈನಿಕನ ನಂಬರು, ಪಲ್ಟಣಿ ಎಲ್ಲವನ್ನೂ ಕೊರೆದಿರುತ್ತಿದ್ದರು. ಆದರೆ ಯಾವುದೋ ಬರಗಾಲದಲ್ಲಿ ಅದು ಪತ್ತಾರನ ಮೂಸೆಗೆ ಹೋಗಿತ್ತು.

ಉಳಿದದ್ದು ಮನೆಯ ಹಿರಿಯ ಹೆಣ್ಣುಮಗಳ ಮಾತು. ಸತ್ತ ಸೈನಿಕನ ತಮ್ಮನ ಸೊಸೆ ಅವರು, ಗೆಳೆಯನ ತಾಯಿ. ವಯಸ್ಸು ಎಂಬತ್ತೈದು ದಾಟಿದೆ. "ನಮ್ಮ ಮಾವ ಹೇಳ್ತಿದ್ರು ತಮ್ಮಾ, ಅಂವ ಬಸರಾಕ ಹೋದ. ಹೋದಾಂವ ಅಲ್ಲೇ ಸೆರಿ ಸಿಕ್ಕ. ರಾಸಲೈನಿನ್ಯಾಗ ದುಡಿಸಿ ದುಡಿಸಿ ಉಪಾಸ ಕೊಂದ್ರಂತ," ಎಂದರು. ಅವನ ಜೊತೆಗಿದ್ದು ಬದುಕಿ ಬಂದ ಬಂಕಾಪುರದ ಕಡೆಯವನೊಬ್ಬ ಮನೆಯವರೆಗೂ ಬಂದು ಹೇಳಿಹೋದ ಸುದ್ದಿಯಂತೆ ಅದು.

ಹುಬ್ಬಳ್ಳಿಯ ರೈಲ್ವೆಯಲ್ಲಿ ಮೂವತ್ತು ವರ್ಷ ಲೆಕ್ಕಪತ್ರ ನೋಡಿದ ನನಗೆ ಲೈನ್ ಎಂದರೆ ರೈಲಿನ ಲೈನೇ. ಯಾವುದೋ ಹಳಿಯ ಕೆಲಸವಿರಬೇಕು ಎಂದುಕೊಂಡು ಆ ಮಾತನ್ನು ಅಲ್ಲಿಗೇ ಬಿಟ್ಟೆ. ಅದು ನನ್ನ ತಪ್ಪು.

ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ದಾಖಲೆಗಳಲ್ಲಿ ಹುಡುಕಲು ಕೂತೆ. ಅದೇ ಹೆಸರಿನ ಸೈನಿಕರು ಒಬ್ಬಿಬ್ಬರಲ್ಲ, ಹತ್ತಾರು ಜನ ಸಿಕ್ಕರು. ಒಂದೇ ಹೆಸರನ್ನು ಇಂಗ್ಲಿಷ್ ಗುಮಾಸ್ತರು ನಾಲ್ಕು ಬಗೆಯಲ್ಲಿ ಬರೆದಿದ್ದರು. ಕೆಲವು ನಮೂದುಗಳಲ್ಲಿ ಮಾತ್ರ ತಂದೆಯ ಹೆಸರು, ಊರು, ತಾಲೂಕು, ಜಿಲ್ಲೆಗಳಿದ್ದವು. ಹಾವೇರಿ ಎಂದು ಹುಡುಕಿದೆ, ಶಿಗ್ಗಾಂವಿ ಎಂದು ಹುಡುಕಿದೆ, ಏನೂ ಸಿಗಲಿಲ್ಲ. ಎರಡು ತಿಂಗಳು ಹೀಗೆ ಕಳೆದ ಮೇಲೆ ಒಂದು ರಾತ್ರಿ ನನ್ನ ದಡ್ಡತನಕ್ಕೆ ನಾನೇ ನಕ್ಕೆ. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಮುಂಬಯಿ ಪ್ರಾಂತದ ಕಾಲದಲ್ಲಿ ಇದೆಲ್ಲ ಧಾರವಾಡ ಜಿಲ್ಲೆ. ಹಾವೇರಿ ಊರಿನಲ್ಲಿ ಕಚೇರಿಯಿದ್ದ ತಾಲೂಕಿನ ಹೆಸರು ಕರಜಗಿ, ಹಿರೇಕೆರೂರಿನಲ್ಲಿದ್ದದ್ದರ ಹೆಸರು ಕೋಡ, ಶಿಗ್ಗಾಂವಿಯಲ್ಲಿದ್ದದ್ದರ ಹೆಸರು ಬಂಕಾಪುರ. ಬಂಕಾಪುರ ಎಂದು ಹುಡುಕಿದ ಐದು ನಿಮಿಷಕ್ಕೆ ಅವನು ಸಿಕ್ಕ. ತಂದೆಯ ಹೆಸರು ಸರಿ, ಊರಿನ ಹೆಸರು ಒಂದಕ್ಷರ ತಪ್ಪಿದ್ದರೂ ಸರಿ. 110ನೇ ಮರಾಠಾ ಲೈಟ್ ಇನ್‌ಫೆಂಟ್ರಿ, ಸಿಪಾಯಿ, ಸಾವು 1916ರ ಆಗಸ್ಟ್, ಸ್ಮಾರಕ ಇಂದಿನ ಇರಾಕಿನ ಬಸ್ರಾ.

110ನೇ ಪಲ್ಟಣಿ ಜನರಲ್ ಟೌನ್‌ಶೆಂಡನ ಆರನೇ ಪುಣೆ ಡಿವಿಜನ್ನಿನಲ್ಲಿತ್ತು. 103 ಮತ್ತು 117ನೇ ಮರಾಠಾ ಪಲ್ಟಣಿಗಳೂ ಅಲ್ಲೇ ಇದ್ದವು. ಬಾಗ್ದಾದ್ ಹಿಡಿಯಲು ಹೋಗಿ ಹಿಂದೆ ಸರಿದ ಆ ಸೈನ್ಯ, 1915ರ ಡಿಸೆಂಬರಿನಲ್ಲಿ ಟೈಗ್ರಿಸ್ ನದಿಯ ತಿರುವಿನಲ್ಲಿರುವ ಕೂತ್ ಎಂಬ ಊರಿನಲ್ಲಿ ತುರ್ಕರ ಮುತ್ತಿಗೆಗೆ ಸಿಕ್ಕಿತು. ದವಸ ತೀರುತ್ತ ಬಂದಂತೆ ಕುದುರೆಗಳನ್ನೂ ಹೇಸರಗತ್ತೆಗಳನ್ನೂ ಕಡಿದರು. ಧರ್ಮಗುರುಗಳ ಅನುಮತಿ ತರಿಸಿದರೂ ಭಾರತದ ಸಿಪಾಯಿಗಳಲ್ಲಿ ಬಹಳ ಜನ ಆ ಮಾಂಸವನ್ನು ತಿಂಗಳುಗಟ್ಟಲೆ ಮುಟ್ಟಲಿಲ್ಲ. ಊರಿಗೆ ಮರಳಿದ ಮೇಲೆ ಜಾತಿಯವರು ಏನೆಂದಾರು, ಹೆಣ್ಣು ಯಾರು ಕೊಟ್ಟಾರು ಎಂಬ ಅಂಜಿಕೆ ಅವರಿಗಿತ್ತು. ಕೊನೆಯ ವಾರಗಳಲ್ಲಿ ಒಬ್ಬನಿಗೆ ದಿನಕ್ಕೆ ಸಿಗುತ್ತಿದ್ದ ಹಿಟ್ಟು 150 ಗ್ರಾಂಗೂ ಕಡಿಮೆ. ಸೊಪ್ಪು ತರಕಾರಿ ಕಾಣದೆ ಒಸಡಿನಲ್ಲಿ ರಕ್ತ ಸುರಿಯುವ ಸ್ಕರ್ವಿ ಹರಡಿತು. 1916ರ ಏಪ್ರಿಲ್ 29ರಂದು ಕೂತ್ ಶರಣಾಯಿತು. ಸೆರೆ ಸಿಕ್ಕವರು ಸುಮಾರು 13,000 ಜನ, ಅವರಲ್ಲಿ ಹೆಚ್ಚಿನವರು ಭಾರತೀಯರು.

ಆದರೂ ಆಗಸ್ಟ್ ಎಂಬ ಒಂದೇ ಕಾರಣಕ್ಕೆ ಅವನು ಸೆರೆಯಲ್ಲೇ ಸತ್ತನೆಂದು ಬರೆಯುವಂತಿರಲಿಲ್ಲ. ಮರಾಠಾ ಪಲ್ಟಣಿಗಳಿಗೆ ಸೇರಬೇಕಾಗಿದ್ದ ಹೊಸ ಸಿಪಾಯಿಗಳು ಮುತ್ತಿಗೆಯ ಹೊರಗೂ ಇದ್ದರು. ಇವನೂ ಅವರಲ್ಲೊಬ್ಬನಾಗಿ ಯಾವುದೋ ಆಸ್ಪತ್ರೆಯಲ್ಲಿ ತೀರಿಕೊಂಡಿರಬಹುದಿತ್ತು. ಈ ಸಂಶಯದಲ್ಲಿಯೇ ಒಂದು ದಿನ ಕೈದಿಗಳನ್ನು ನಡೆಸಿಕೊಂಡು ಹೋದ ದಾರಿಯ ನಕ್ಷೆ ನೋಡುತ್ತಿದ್ದೆ. ಬಾಗ್ದಾದಿನಿಂದ ಸಮಾರಾದವರೆಗೆ ರೈಲು, ಮುಂದೆ ಹಳಿಯಿಲ್ಲ. ಅಲ್ಲಿಂದ ತಿಕ್ರೀತ್, ಮೋಸುಲ್, ನಿಸಿಬಿನ್, ಉರಿಬಿಸಿಲಿನಲ್ಲಿ ಕಾಲ್ನಡಿಗೆ. ನಡಿಗೆ ಮುಗಿದು ಮತ್ತೆ ಹಳಿ ಸಿಗುವ ಊರಿನ ಹೆಸರು ರಾಸ್ ಅಲ್ ಐನ್.

ಆ ಹೆಸರನ್ನು ಗಟ್ಟಿಯಾಗಿ ಒಮ್ಮೆ ಹೇಳಿಕೊಂಡೆ. ಮತ್ತೊಮ್ಮೆ ಹೇಳಿಕೊಂಡೆ. ರಾಸಲೈನ್.

ಅದು ಲೈನಲ್ಲ, ಊರು. ಇಂದಿನ ಸಿರಿಯಾ ಮತ್ತು ತುರ್ಕಿಯ ಗಡಿಯಲ್ಲಿರುವ, ಅರಬ್ಬಿಯಲ್ಲಿ ಬುಗ್ಗೆಯ ತಲೆ ಎಂಬ ಅರ್ಥದ ಊರು. ಬಾಗ್ದಾದ್ ರೈಲುದಾರಿಯ ಕೆಲಸಕ್ಕೆ ಭಾರತೀಯ ಕೈದಿಗಳನ್ನು ಹಚ್ಚಿದ್ದು ಅಲ್ಲಿಯೇ. ಓದುಬರಹ ತಿಳಿಯದ ಒಂದು ಮನೆ ನೂರು ವರ್ಷ ಅಕ್ಷರ ಕೆಡಿಸದೆ ಕಾಪಾಡಿಕೊಂಡು ಬಂದ ಹೆಸರನ್ನು, ನಾನು ನನ್ನ ರೈಲ್ವೆಯ ಕಿವಿಯಿಂದ ಕೇಳಿ ಕೆಡಿಸಿದ್ದೆ. ಅವರ ಸೇನಾಪತಿ ಟೌನ್‌ಶೆಂಡ್ ಆ ವೇಳೆಗೆ ಇಸ್ತಾಂಬುಲಿನ ಹತ್ತಿರದ ದ್ವೀಪದಲ್ಲಿ ಸುಖವಾಗಿದ್ದ ಎಂಬುದನ್ನೂ ಅದೇ ವಾರ ಓದಿದೆ.

ಪಿತೃಪಕ್ಷಕ್ಕೆ ಮುಂಚೆ ಮತ್ತೆ ಹಳ್ಳಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಬಸ್ರಾ ಸ್ಮಾರಕದ ಕಲ್ಲಿನ ಮೇಲೆ ಅವನ ಹೆಸರಿದೆಯೇ ಎಂದು ಗೆಳೆಯ ಕೇಳಿದ. ಇಲ್ಲ. ಅಲ್ಲಿ ಹೆಸರುಗಳನ್ನು ಕೆತ್ತಿದ್ದು ಬ್ರಿಟಿಷರದು ಮತ್ತು ಭಾರತದ ಅಧಿಕಾರಿಗಳದು ಮಾತ್ರ. ಸಿಪಾಯಿಗಳನ್ನು ಪಲ್ಟಣಿಯ ಹೆಸರಿನ ಕೆಳಗೆ ಇಷ್ಟು ಜನ ಎಂದು ಲೆಕ್ಕ ಮಾಡಿ ಬಿಟ್ಟಿದ್ದಾರೆ. ಇವನ ಹೆಸರು ಪುಸ್ತಕದಲ್ಲಿದೆ, ಕಲ್ಲಿನಲ್ಲಿ ಇವನೊಂದು ಅಂಕಿ. ಗೆಳೆಯ ಬಹಳ ಹೊತ್ತು ಮಾತಾಡಲಿಲ್ಲ.

ಅವನ ತಾಯಿಗೆ ಕಲ್ಲಿನ ಚಿಂತೆಯಿರಲಿಲ್ಲ. ಬಿಲ್ಲೆಯ ಹೆಂಗಸು ದೇವಿಯಲ್ಲ ಎಂದು ಹೇಳಲು ನನಗೂ ಬಾಯಿ ಬರಲಿಲ್ಲ. ಸಾವಿನ ತಾರೀಖು ಸಿಕ್ಕಿದೆ, ಪಂಚಾಂಗ ನೋಡಿಸಿದರೆ ಶ್ರಾವಣದ ತಿಥಿ ತಿಳಿಯುತ್ತದೆ, ಆ ದಿನವೇ ಎಡೆ ಹಿಡಿಯಬಹುದು ಎಂದೆ. ತಿಥಿ ಗೊತ್ತಿಲ್ಲವೆಂದೇ ಅವರು ಇಷ್ಟು ಕಾಲ ಮಹಾಲಯ ಅಮಾವಾಸ್ಯೆಗೆ ಎಡೆ ಇಡುತ್ತಿದ್ದರು. ಅವರು ಸ್ವಲ್ಪ ಯೋಚಿಸಿ, "ಬ್ಯಾಡ ತಮ್ಮಾ," ಎಂದರು. "ನೂರು ವರ್ಷ ಅಮಾಸಿಗೆ ಉಂಡಾನ. ಈಗ ದಿನಾ ಬದಲ್ಸಿದ್ರ ಅಂವ ಅಮಾಸಿಗೆ ಬಂದು ಹಸ್ಕೊಂಡು ಹೋಗ್ತಾನ."