ಡೂಡಲ್ ಮರಿ ತರುವ ಮೊದಲು ಗ್ರೂಮರ್ ಒಬ್ಬಳ ಮಾತು

ಮಂಗಳೂರಿನಲ್ಲಿ ನಾಯಿಗಳಿಗೆ ಸ್ನಾನ ಮಾಡಿಸುವುದು, ಕೂದಲು ಕತ್ತರಿಸುವುದು, ಉಗುರು ತೆಗೆಯುವುದು, ಕಿವಿ ಕ್ಲೀನ್ ಮಾಡುವುದು ನನ್ನ ಕೆಲಸ. ನಮ್ಮ ಗ್ರೂಮಿಂಗ್ ರೂಮ್ ಇರುವುದು ಒಂದು ಪಶುವೈದ್ಯರ ಕ್ಲಿನಿಕ್ಕಿಗೆ ತಾಗಿಕೊಂಡು. ನಡುವೆ ಒಂದು ಬಾಗಿಲು ಅಷ್ಟೇ. ಆಚೆ ಡಾಕ್ಟರು ಹೇಳುವುದೂ ಕೇಳುತ್ತದೆ, ಈಚೆ ನಾಯಿ ತಂದವರು ಹೇಳುವುದೂ ಕೇಳುತ್ತದೆ. ಕೇಳಿ ಕೇಳಿ ಈ ಡಿಸೈನರ್ ನಾಯಿಗಳ ಬಗ್ಗೆ ನನಗೊಂದು ಅಭಿಪ್ರಾಯ ಬಂದುಬಿಟ್ಟಿದೆ.

ಮೊದಲೆಲ್ಲ ನನ್ನ ಟೇಬಲ್ ಹತ್ತುತ್ತಿದ್ದದ್ದು ಪೊಮೇರಿಯನ್, ಲ್ಯಾಬ್ (ಲ್ಯಾಬ್ರಡಾರ್), ಕಾಕರ್ ಸ್ಪಾನಿಯಲ್, ಆಮೇಲಾಮೇಲೆ ಶಿಟ್ಜು. ಈಗ ಲ್ಯಾಬ್ರಡೂಡಲ್, ಗೋಲ್ಡನ್‌ಡೂಡಲ್, ಕಾಕಪೂ, ಮಾಲ್ಟಿಪೂ. ಅಪ್ಪ ಒಂದು ತಳಿ, ಅಮ್ಮ ಒಂದು ತಳಿ, ಮಧ್ಯೆ ಹೆಚ್ಚಾಗಿ ಸುರುಳಿಕೂದಲಿನ ಪೂಡಲ್ ಇದ್ದೇ ಇರುತ್ತದೆ. ಹೀಗೆ ಪೂಡಲ್ ಸೇರಿಸಿ ಹುಟ್ಟಿಸಿದ್ದಕ್ಕೆ ಒಟ್ಟಾಗಿ ಡೂಡಲ್ ಅನ್ನುತ್ತಾರೆ. ರೀಲ್ಸ್ ನೋಡಿ ಮೆಚ್ಚಿ, ಫೋನಿನಲ್ಲೇ ಅಡ್ವಾನ್ಸ್ ಕೊಟ್ಟು, ಬೇರೆ ಊರಿನಿಂದ ತರಿಸಿಕೊಂಡವರೇ ಜಾಸ್ತಿ. "ಅಕ್ಕ, ಇದರ ಕೂದಲು ಉದುರುವುದೇ ಇಲ್ಲವಂತೆ, ಅಲರ್ಜಿಯೂ ಆಗುವುದಿಲ್ಲವಂತೆ" ಅನ್ನುತ್ತಾ ಒಳಗೆ ಬರುತ್ತಾರೆ. ಅಂತೆ ಅಂತೆ ಅಂದದ್ದು ಯಾರು ಅಂತ ಕೇಳಿದರೆ, ಮಾರಿದವರು.

ಕೂದಲಿನ ಕಥೆ ಮೊದಲು ಹೇಳುತ್ತೇನೆ, ಅದು ನನ್ನ ಇಲಾಖೆ.

ಪೂಡಲ್ ಕೂದಲೂ ಉದುರುತ್ತದೆ. ಆದರೆ ನೆಲಕ್ಕೆ ಬೀಳುವುದು ಕಡಿಮೆ, ಸುರುಳಿಯಲ್ಲೇ ಸಿಕ್ಕಿಕೊಂಡು ಕೂರುತ್ತದೆ. ಲ್ಯಾಬ್‌ಗೂ ಗೋಲ್ಡನ್ ರಿಟ್ರೀವರ್‌ಗೂ ಹೊರಗಿನ ಕೂದಲಿನ ಅಡಿಯಲ್ಲಿ ಇನ್ನೊಂದು ಪದರ ಮೆತ್ತನೆಯ ಕೂದಲು ಇರುತ್ತದೆ, ಅದು ರಾಶಿ ರಾಶಿ ಉದುರುತ್ತದೆ. ಇವೆರಡನ್ನು ಸೇರಿಸಿದರೆ ಹಲವು ಮರಿಗಳಲ್ಲಿ ಒಳಗಿನ ಪದರ ಉದುರುತ್ತದೆ, ಹೊರಗಿನ ಸುರುಳಿ ಅದನ್ನು ಹೊರಗೆ ಬಿಡುವುದಿಲ್ಲ. ಅಲ್ಲೇ ಗಂಟು ಕಟ್ಟುತ್ತದೆ. ಅದಕ್ಕೆ ನಮ್ಮೂರಿನ ಹವೆ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗುವುದಿಲ್ಲ, ಇನ್ನು ನಾಯಿಯ ಬುಡದ ಕೂದಲು ಒಣಗುವುದೆಲ್ಲಿ?

ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ ಸುರತ್ಕಲ್ ಕಡೆಯಿಂದ ಒಂದು ಗೋಲ್ಡನ್‌ಡೂಡಲ್ ಬಂತು. ಪಾಪದ ನಾಯಿ, ಟೇಬಲ್ ಮೇಲೆ ಹತ್ತಿಸಿದ ಕೂಡಲೇ ನನ್ನ ಮೊಣಕೈ ನೆಕ್ಕಿತು. ಮೇಲಿನಿಂದ ನೋಡಿದರೆ ಕೂದಲು ಚೆಂದ ಹೊಳೆಯುತ್ತಿದೆ. ಸ್ಟೀಲ್ ಬಾಚಣಿಗೆ ಇಳಿಸಿದೆ. ಒಂದಿಂಚು ಹೋಗಿ ನಿಂತಿತು. ಬೆನ್ನಿನಲ್ಲೂ ಹಾಗೆ, ತೊಡೆಯಲ್ಲೂ ಹಾಗೆ. ಬುಡದಲ್ಲಿ ಎಲ್ಲಾ ಕಡೆ ಒಂದೇ ಗಂಟು. ಬಾಚಿ ಬಿಡಿಸಲು ಹೋದರೆ ನಾಯಿಗೆ ಜೀವ ಹೋಗುವಷ್ಟು ನೋವು. ಬೋಳಿಸುವುದೊಂದೇ ದಾರಿ. ಮೆಷಿನ್ ಚರ್ಮಕ್ಕೆ ತಾಗಿಸಿ ನಿಧಾನವಾಗಿ ತಳ್ಳುತ್ತಾ ಹೋದರೆ ಕೂದಲು ಹಳೇ ಕಂಬಳಿಯ ಹಾಗೆ ಒಂದೇ ತುಂಡಾಗಿ ಎದ್ದುಬಂತು. ಅಡಿಯಲ್ಲಿ ಚರ್ಮ ಕೆಂಪಗಾಗಿತ್ತು. ಕಂಕುಳಲ್ಲಿ ನೀರೊಡೆದು ವಾಸನೆ. ಕಾಲ್ಬೆರಳ ಸಂದಿಯಲ್ಲಿ ಉಣ್ಣಿಗಳು. ಕರಾವಳಿಯಲ್ಲಿ ಉಣ್ಣಿ ಜ್ವರ ಎಷ್ಟು ನಾಯಿಗಳನ್ನು ಮಲಗಿಸುತ್ತದೆ ಅಂತ ಇಲ್ಲಿ ನಾಯಿ ಸಾಕಿದವರಿಗೆಲ್ಲ ಗೊತ್ತು. ಅಂಥಾ ದಪ್ಪ ಗಂಟಿನ ಅಡಿಯಲ್ಲಿ ಉಣ್ಣಿ ಇದ್ದರೆ ಕೈಗೂ ಸಿಗುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ.

"ಎಂತ ಮಾರಾಯ್ರೆ, ನಾವು ದಿನಾ ಬ್ರಷ್ ಮಾಡ್ತೇವಲ್ಲ!" ಅಂದರು ಅವರು. ಸುಳ್ಳಲ್ಲ. ಮಾಡುತ್ತಿದ್ದರು. ಮೇಲೆ ಮೇಲೆ. ಬುಡದಿಂದ ಬಾಚಬೇಕು ಅಂತ ಮಾರಿದವರು ಹೇಳಿಯೇ ಇರಲಿಲ್ಲ. ಹೇಳಿದರೆ ವ್ಯಾಪಾರ ಆಗಬೇಕಲ್ಲ?

ಇನ್ನೊಂದು ಸಂಗತಿ. ಒಂದೇ ಹೆರಿಗೆಯ ಮರಿಗಳಲ್ಲೂ ಕೂದಲು ಒಂದೇ ಥರ ಇರುವುದಿಲ್ಲ. ಒಂದಕ್ಕೆ ಪೂಡಲ್ ಸುರುಳಿ, ಒಂದಕ್ಕೆ ಅಲೆ ಅಲೆ ಕೂದಲು, ಇನ್ನೊಂದಕ್ಕೆ ಲ್ಯಾಬ್‌ನಂತೆ ನೇರ ಕೂದಲು. ಎರಡು ತಿಂಗಳ ಮರಿಯನ್ನು ನೋಡಿ ದೊಡ್ಡದಾದ ಮೇಲೆ ಕೂದಲು ಹೇಗಿರುತ್ತದೆ ಅಂತ ಖಂಡಿತವಾಗಿ ಹೇಳುವುದು ಕಷ್ಟ. ಅದಕ್ಕೇ ಮಾರುವವರು "ಎಫ್1ಬಿ" ಅಂತ ಮಾಡುತ್ತಾರೆ. ಅಂದರೆ ಡೂಡಲ್‌ಗೆ ಪುನಃ ಪೂಡಲ್ ಕೊಟ್ಟು ಹುಟ್ಟಿಸಿದ್ದು. ಉದುರುವುದು ಸ್ವಲ್ಪ ಕಡಿಮೆ ಆಗುತ್ತದೆ, ಗ್ರೂಮಿಂಗ್ ಖರ್ಚು ಜಾಸ್ತಿ ಆಗುತ್ತದೆ. ನನಗೇನೋ ಲಾಭವೇ ಬಿಡಿ.

ಇನ್ನು ಅಲರ್ಜಿ. ಲ್ಯಾಬ್ರಡೂಡಲ್ ಹುಟ್ಟಿದ್ದೇ ಇದರಿಂದ. ಆಸ್ಟ್ರೇಲಿಯಾದಲ್ಲಿ ಅಂಧರಿಗೆ ದಾರಿ ತೋರಿಸುವ ನಾಯಿಗಳನ್ನು ತಯಾರು ಮಾಡುವ ಸಂಸ್ಥೆಯಲ್ಲಿ ವಾಲಿ ಕಾನ್ರನ್ ಅಂತ ಒಬ್ಬರು ತಳಿ ನೋಡಿಕೊಳ್ಳುತ್ತಿದ್ದರು. ಹವಾಯಿಯಿಂದ ದೃಷ್ಟಿಯಿಲ್ಲದ ಮಹಿಳೆಯೊಬ್ಬರು ನಾಯಿ ಕೇಳಿದರು. ಅವರ ಗಂಡನಿಗೆ ನಾಯಿಕೂದಲಿನ ಅಲರ್ಜಿ. ಬರೀ ಪೂಡಲ್‌ಗಳಿಗೆ ತರಬೇತಿ ಕೊಟ್ಟು ನೋಡಿದರು, ಆ ಕೆಲಸಕ್ಕೆ ಸರಿಬರಲಿಲ್ಲ. ಕೊನೆಗೆ 1989ರಲ್ಲಿ ಲ್ಯಾಬ್ ಮತ್ತು ಪೂಡಲ್ ಸೇರಿಸಿದರು. ಮೂರು ಮರಿ ಹುಟ್ಟಿದವು. ಕೂದಲು, ಜೊಲ್ಲಿನ ಮಾದರಿ ಕಳಿಸಿ ನೋಡಿದಾಗ ಆ ಗಂಡನಿಗೆ ಅಲರ್ಜಿ ಆಗದೇ ಇದ್ದದ್ದು ಒಂದೇ ಒಂದು ಮರಿಯಿಂದ. ಮೂರರಲ್ಲಿ ಒಂದು! ಈ ಮೂರರಲ್ಲಿ ಒಂದು ಅನ್ನುವುದು ಮಾತ್ರ ಯಾವ ರೀಲ್ಸ್‌ನಲ್ಲೂ ಬರುವುದಿಲ್ಲ. ಉಳಿದ ಮರಿಗಳನ್ನು ಮಿಶ್ರತಳಿ ಅಂತ ಯಾರೂ ಸಾಕಲು ಒಪ್ಪಲಿಲ್ಲ. ಲ್ಯಾಬ್ರಡೂಡಲ್ ಅಂತ ಹೆಸರಿಟ್ಟು ಪ್ರಚಾರ ಕೊಟ್ಟ ಮೇಲೆ ಜನ ಮುಗಿಬಿದ್ದರು. ಅದೇ ಕಾನ್ರನ್ 2019ರಲ್ಲಿ, ತನ್ನ ಬದುಕಿನಲ್ಲಿ ತುಂಬಾ ಪಶ್ಚಾತ್ತಾಪ ಪಡುವುದು ಈ ಕೆಲಸಕ್ಕೆ ಅಂತ ಹೇಳಿದರು. ಆರೋಗ್ಯ ನೋಡದೆ ದುಡ್ಡಿಗಾಗಿ ಕಂಡಕಂಡದ್ದನ್ನು ಸೇರಿಸುವವರನ್ನು ಕಂಡು ಅವರಿಗೆ ಬೇಸರ.

ಅಲರ್ಜಿ ಬರುವುದು ಬರೀ ಕೂದಲಿನಿಂದಲೂ ಅಲ್ಲ. ಜೊಲ್ಲಿನಲ್ಲಿ, ಚರ್ಮದ ಹೊಟ್ಟಿನಲ್ಲಿ ಇರುವ ಪ್ರೋಟೀನಿನಿಂದ. ನೆದರ್ಲೆಂಡ್ಸ್‌ನಲ್ಲಿ 2012ರಲ್ಲಿ ಬಂದ ಒಂದು ಅಧ್ಯಯನದಲ್ಲಿ "ಅಲರ್ಜಿ ಮಾಡದ" ತಳಿಗಳ ಕೂದಲಿನಲ್ಲಿ ಈ ಪ್ರೋಟೀನ್ ಉಳಿದ ನಾಯಿಗಳಿಗಿಂತ ಜಾಸ್ತಿಯೇ ಸಿಕ್ಕಿತು. ಅಂಥಾ ನಾಯಿ ಇರುವ ಮನೆಯ ಗಾಳಿಯಲ್ಲೂ ಕಡಿಮೆ ಏನೂ ಇರಲಿಲ್ಲ. ಮನೆಯಲ್ಲಿ ದಮ್ಮು, ಸೀನು ಇರುವವರಿದ್ದರೆ ನಾನು ಹೇಳುವುದಿಷ್ಟೇ: ದುಡ್ಡು ಕೊಡುವ ಮೊದಲು ಆ ಮರಿಯ ಜೊತೆ, ಅದರ ತಾಯಿಯ ಜೊತೆ ಒಂದೆರಡು ಗಂಟೆ ಕುಳಿತು ಬನ್ನಿ. ಒಂದಕ್ಕಿಂತ ಹೆಚ್ಚು ಸಲ ಹೋಗಿ.

ಆರೋಗ್ಯದ ವಿಷಯ ಬಂದಾಗ ನಾನು ಬಾಗಿಲಿನ ಆಚೆಗೆ ಕಿವಿ ಕೊಡುತ್ತೇನೆ. ಒಂದು ಎಳೆಯ ಡೂಡಲ್‌ಗೆ ಡ್ರೈಯರ್ ಹಿಡಿದಿದ್ದೆ. ಅದು ನಿಲ್ಲುವುದೇ ಇಲ್ಲ, ಮತ್ತೆ ಮತ್ತೆ ಕೂರುತ್ತದೆ. ಹಿಂಗಾಲು ಎತ್ತಲು ಹೋದರೆ ತಿರುಗಿ ನೋಡುತ್ತದೆ. ಕೆಳಗಿಳಿಸಿದರೆ ಎರಡೂ ಹಿಂಗಾಲನ್ನು ಒಟ್ಟಿಗೆ ಹಾಕಿ ಮೊಲದ ಹಾಗೆ ಓಡುತ್ತದೆ. ಡಾಕ್ಟರಿಗೆ ತೋರಿಸಿದೆವು. ಎಕ್ಸ್‌ರೇಯಲ್ಲಿ ಸೊಂಟದ ಕೀಲು ಸರಿಯಾಗಿ ಕೂತಿರಲಿಲ್ಲ, ಹಿಪ್ ಡಿಸ್‌ಪ್ಲೇಸಿಯಾ.

"ಮಿಕ್ಸ್ ಅಲ್ವಾ ಡಾಕ್ಟ್ರೇ, ಗಟ್ಟಿ ಇರ್ಬೇಕಲ್ಲ?" ಅಂದರು ಯಜಮಾನರು.

"ಈ ತೊಂದರೆ ಗೋಲ್ಡನ್‌ನಲ್ಲೂ ಉಂಟು, ದೊಡ್ಡ ಪೂಡಲ್‌ನಲ್ಲೂ ಉಂಟು. ಎರಡೂ ಕಡೆ ಇದ್ದದ್ದು ಸೇರಿಸಿದ ಕೂಡಲೇ ಎಲ್ಲಿಗೆ ಹೋಗ್ತದೆ ಹೇಳಿ?" ಅಂದರು ಡಾಕ್ಟರು.

ಕಣ್ಣಿನದ್ದೂ ಇದೇ ಕಥೆ. ಕಣ್ಣಿನ ಒಳಪದರ ನಿಧಾನವಾಗಿ ಸಾಯುತ್ತಾ ಹೋಗುವ ಪಿಆರ್‌ಎ ಅಂತ ಒಂದು ಕಾಯಿಲೆ. ಮೊದಲು ಕತ್ತಲಲ್ಲಿ ಕಾಣುವುದಿಲ್ಲ, ಆಮೇಲೆ ಪೂರ್ತಿ ಕುರುಡು. ಮದ್ದಿಲ್ಲ. ಇದರ ಒಂದು ಬಗೆಯ ದೋಷದ ಜೀನ್ ಲ್ಯಾಬ್‌ನಲ್ಲೂ ಇದೆ, ಕಾಕರ್‌ನಲ್ಲೂ ಇದೆ, ಪೂಡಲ್‌ನಲ್ಲೂ ಇದೆ. ಅಪ್ಪ ಅಮ್ಮ ಇಬ್ಬರೂ ಒಂದೊಂದು ಇಟ್ಟುಕೊಂಡಿದ್ದರೆ ಅವರ ಕಣ್ಣು ಚೆನ್ನಾಗೇ ಇರುತ್ತದೆ, ಆದರೆ ಪ್ರತಿ ಮರಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಕೆನ್ನೆಯ ಒಳಗಿಂದ ಹತ್ತಿಕಡ್ಡಿಯಲ್ಲಿ ಒರೆಸಿ ಪ್ರಯೋಗಾಲಯಕ್ಕೆ ಕಳಿಸಿದರೆ ಡಿಎನ್ಎ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಮರಿಗೆ ಅಷ್ಟು ದುಡ್ಡು ತೆಗೆದುಕೊಳ್ಳುವವರು ಅಪ್ಪ ಅಮ್ಮನಿಗೆ ಇಷ್ಟು ಮಾಡಿಸಬಾರದಾ?

ಹಾಗಂತ ಡೂಡಲ್ ಎಲ್ಲಾ ರೋಗಿಷ್ಟ ಅಂತಲೂ ಅಲ್ಲ. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನವರು 2024ರಲ್ಲಿ ಕಾಕಪೂ, ಲ್ಯಾಬ್ರಡೂಡಲ್, ಕ್ಯಾವಪೂ (ಕ್ಯಾವಲಿಯರ್ ಸ್ಪಾನಿಯಲ್ ಮತ್ತು ಪೂಡಲ್ ಸೇರಿಸಿದ್ದು) ಇವುಗಳನ್ನು ಅವುಗಳ ಮೂಲ ತಳಿಗಳ ಜೊತೆ ಹೋಲಿಸಿದರು. ಒಟ್ಟು 9,402 ನಾಯಿಗಳು, 57 ಬಗೆಯ ತೊಂದರೆಗಳು. ಸುಮಾರು 87 ಶೇಕಡಾ ಹೋಲಿಕೆಗಳಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಶುದ್ಧ ತಳಿಗಿಂತ ಕೆಟ್ಟದ್ದೂ ಅಲ್ಲ, ಮೇಲೂ ಅಲ್ಲ. "ಮಿಕ್ಸ್ ಆದ್ದರಿಂದ ಜಾಸ್ತಿ ರೇಟು" ಅನ್ನುವವರಿಗೆ ಇದನ್ನು ಹೇಳಿ ನೋಡಿ.

ಕೆಲವರು ಬೀದಿನಾಯಿಯ ಉದಾಹರಣೆ ಕೊಡುತ್ತಾರೆ, ಅದಕ್ಕೆ ಏನೂ ಆಗುವುದಿಲ್ಲವಲ್ಲ ಅಂತ. ಅದು ಬೇರೆ ಲೆಕ್ಕ. ಬೀದಿಯಲ್ಲಿ ಹುಟ್ಟಿದ ಮರಿಗಳಲ್ಲಿ ಎಷ್ಟು ಬದುಕುತ್ತವೆ ಹೇಳಿ? ಬಲಹೀನವಾದದ್ದು ಮೊದಲ ಮಳೆಗಾಲ ದಾಟುವುದಿಲ್ಲ. ತಲೆಮಾರುಗಟ್ಟಲೆ ಹಾಗೆ ಉಳಿದುಬಂದ ನಾಯಿಗೂ, ಪರೀಕ್ಷೆ ಮಾಡಿಸದ ಎರಡು ನಾಯಿ ಸೇರಿಸಿ ಹುಟ್ಟಿಸಿದ ಮರಿಗೂ ಹೋಲಿಕೆ ಇಲ್ಲ.

ಪೋಮ್ಸ್ಕಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಸ್ಕಿ ಮತ್ತು ಪೊಮೇರಿಯನ್ ಸೇರಿಸಿದ್ದು. ಎರಡಕ್ಕೂ ಚಳಿಗೆ ಹೇಳಿ ಮಾಡಿಸಿದ ಎರಡು ಪದರದ ಕೂದಲು. ಏಪ್ರಿಲ್ ಸೆಕೆಯಲ್ಲಿ ನಾವೇ ಫ್ಯಾನಿನ ಕೆಳಗಿಂದ ಏಳುವುದಿಲ್ಲ. ನಾಯಿ ಮೈ ತಂಪು ಮಾಡಿಕೊಳ್ಳುವುದು ಮುಖ್ಯವಾಗಿ ತೇಕುವುದರಿಂದ. ಗಾಳಿಯಲ್ಲೇ ಇಷ್ಟು ತೇವ ಇದ್ದರೆ ತೇಕಿದರೂ ಬಿಸಿ ಬೇಗ ಇಳಿಯುವುದಿಲ್ಲ. ಅದನ್ನು ಇಲ್ಲಿ ತಂದು ಸಾಕುವುದು ಯಾಕೆ ಅಂತ ನನಗೆ ಇನ್ನೂ ಅರ್ಥವಾಗಿಲ್ಲ.

ನನ್ನ ತಲೆಯಲ್ಲಿ ಉಳಿದಿರುವುದು ಮಾತ್ರ ಮರಿಗಳಲ್ಲ, ಒಂದು ತಾಯಿನಾಯಿ. ಮರಿ ಮಾರುವ ಒಬ್ಬರು ಒಂದು ಬಿಳಿ ಪೂಡಲ್ ತಂದರು. ಫೋಟೋ ತೆಗೆಯಬೇಕು, ಚೆಂದ ಮಾಡಿಕೊಡಿ ಅಂತ. ಮೇಲೆ ನೋಡಲು ರಾಣಿಯ ಹಾಗೆ. ಹೊಟ್ಟೆಯ ಕೂದಲು ತೆಗೆದಾಗ ಮೊಲೆಗಳು ಜೋತುಬಿದ್ದಿದ್ದವು. ನಡುವೆ ಹೊಲಿಗೆಯ ಗುರುತು, ಅದರ ಪಕ್ಕದಲ್ಲೇ ಇನ್ನೊಂದು. ಹಲ್ಲು ಹಳದಿ ಕಟ್ಟಿ ಎರಡು ಅಲುಗುತ್ತಿದ್ದವು. ಬೆರಳಿಟ್ಟರೆ ಬೆನ್ನೆಲುಬು ಎಣಿಸಬಹುದು. "ವಯಸ್ಸೆಷ್ಟು?" ಅಂತ ಕೇಳಿದೆ. "ನಾಲ್ಕು ಇರಬೇಕು" ಅಂದರು. ಇರಬೇಕು! ಎಷ್ಟು ಹೆರಿಗೆ ಆಯ್ತು ಅಂತ ಕೇಳಿದ್ದಕ್ಕೆ ಅವರು ಫೋನ್ ನೋಡುತ್ತಾ ಹೊರಗೆ ಹೋದರು. ರೀಲ್ಸ್‌ನಲ್ಲಿ ರಿಬ್ಬನ್ ಕಟ್ಟಿದ ಮರಿಗಳು ಬರುತ್ತವೆ, ಈ ಹೊಟ್ಟೆ ಬರುವುದಿಲ್ಲ.

ಇದಕ್ಕೆಲ್ಲ ಕಾನೂನು ಇಲ್ಲವೆಂದಲ್ಲ. ನಾಯಿ ತಳಿ ಬೆಳೆಸುವುದು ಮತ್ತು ಮಾರಾಟದ ಬಗ್ಗೆ ಕೇಂದ್ರದ ನಿಯಮ 2017ರಲ್ಲೇ ಬಂದಿದೆ. ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸದೆ ಬ್ರೀಡಿಂಗ್ ನಡೆಸುವ ಹಾಗಿಲ್ಲ. ಹೆಣ್ಣುನಾಯಿಗೆ 18 ತಿಂಗಳು ತುಂಬಿರಬೇಕು. ಜೀವಮಾನದಲ್ಲಿ 5 ಹೆರಿಗೆ ದಾಟಬಾರದು. 8 ವಾರ ಆಗದ ಮರಿಯನ್ನು ಮಾರಬಾರದು. ಆದರೆ ನಮ್ಮಲ್ಲಿಗೆ ಬರುವ ಎಷ್ಟೋ ಮರಿಗಳಿಗೆ ಹಾಲುಹಲ್ಲೇ ಪೂರ್ತಿ ಬಂದಿರುವುದಿಲ್ಲ. ಅಷ್ಟು ಎಳೆಯದನ್ನು ತಾಯಿಯಿಂದ ಬಿಡಿಸಿ, ಬುಟ್ಟಿಯಲ್ಲಿ ರಾತ್ರಿ ಬಸ್ಸಿಗೆ ಹಾಕಿ ಕಳಿಸಿದರೆ ಪಾರ್ವೋ ಅನ್ನುವ ವೈರಸ್ ಕಾಯಿಲೆ ಬಾರದೆ ಇನ್ನೇನು? ಸೋಂಕು ತಗುಲಿ ಕೆಲವು ದಿನ ಕಳೆದ ಮೇಲೆಯೇ ವಾಂತಿ, ರಕ್ತಬೇಧಿ ಶುರುವಾಗುವುದು. ಅಷ್ಟರಲ್ಲಿ ಮಾರಿದವರ ನಂಬರ್ ಸ್ವಿಚ್ ಆಫ್. ಲಸಿಕೆ ಪುಸ್ತಕ ತೆರೆದು ನೋಡಿ. ಬಾಟಲಿಯ ಸ್ಟಿಕ್ಕರ್ ಅಂಟಿಸಿ, ಡಾಕ್ಟರ ಸಹಿ ಮೊಹರು ಇರಬೇಕು. ಬರೀ ಪೆನ್ನಿನಲ್ಲಿ ತಾರೀಕು ಬರೆದಿದ್ದರೆ ಅದನ್ನು ಯಾರು ಬೇಕಾದರೂ ಬರೆಯಬಹುದು. ಡೂಡಲ್‌ಗೆ "ಕೆಸಿಐ ಪೇಪರ್ ಉಂಟು" ಅಂದರೆ ಅಲ್ಲೇ ಎದ್ದು ಬನ್ನಿ. ಕೆಸಿಐ ಅಂದರೆ ಕೆನಲ್ ಕ್ಲಬ್ ಆಫ್ ಇಂಡಿಯಾ, ಅಲ್ಲಿ ದಾಖಲಾಗುವುದು ಶುದ್ಧ ತಳಿಗಳು.

ಮರಿ ಬೇಕೇ ಬೇಕು ಅಂತ ನನ್ನ ಹತ್ತಿರ ಕೇಳುವವರಿಗೆ, ಮೊದಲು ತಾಯಿಯನ್ನು ನೋಡಿ ಬನ್ನಿ ಅನ್ನುತ್ತೇನೆ. ವಿಡಿಯೋ ಕಾಲ್‌ನಲ್ಲಿ ಅಲ್ಲ, ಅದು ಇರುವ ಜಾಗಕ್ಕೇ ಹೋಗಿ. ಹೊಟ್ಟೆ, ಹಲ್ಲು, ಮಲಗುವ ಜಾಗ ನೋಡಿ. ಅಪ್ಪ ಅಮ್ಮನ ಸೊಂಟದ ಎಕ್ಸ್‌ರೇ, ಕಣ್ಣಿನ ಡಿಎನ್ಎ ರಿಪೋರ್ಟ್, ಸಣ್ಣ ತಳಿಯಾದರೆ ಮಂಡಿಚಿಪ್ಪು ಜಾರುತ್ತದೆಯಾ ಅಂತ ಡಾಕ್ಟರು ನೋಡಿದ ಚೀಟಿ ಕೇಳಿ. ಕೊಡುವವರು ಇದ್ದಾರೆ, ಕಡಿಮೆ. ಸಿಟ್ಟು ಮಾಡಿದರೆ ನಿಮಗೆ ಉತ್ತರ ಸಿಕ್ಕಿತು ಅಂತ ಲೆಕ್ಕ. ನಾಯಿ ಸಾಕಬೇಕು ಅನ್ನುವುದಷ್ಟೇ ಆಸೆಯಾದರೆ ಊರಿನ ನಾಯಿಮರಿಗಳಿವೆ. ಗಲ್ಫ್‌ಗೆ ಹೊರಟವರು ಬಿಟ್ಟುಹೋಗುವ ದೊಡ್ಡ ನಾಯಿಗಳೂ ಇವೆ, ಅದರಲ್ಲಿ ಈಗ ಡೂಡಲ್‌ಗಳೂ ಸೇರಿವೆ.

ಈಗಾಗಲೇ ಮನೆಯಲ್ಲಿ ಡೂಡಲ್ ಇರುವವರು ಹೆದರಬೇಡಿ. ಸ್ಟೀಲ್ ಬಾಚಣಿಗೆ ಒಂದು ತೆಗೆದುಕೊಳ್ಳಿ. ಒಂದು ಕೈಯಲ್ಲಿ ಕೂದಲು ಮೇಲೆತ್ತಿ, ಚರ್ಮ ಕಾಣುವ ಹಾಗೆ ಸಾಲು ಮಾಡಿಕೊಂಡು ಬುಡದಿಂದ ಬಾಚಿ. ಕಿವಿಯ ಹಿಂದೆ, ಕಂಕುಳು, ಬೆಲ್ಟ್ ತಾಗುವ ಜಾಗ, ಬಾಲದ ಬುಡ ಮರೆಯಬೇಡಿ. ಗಂಟು ಇರುವಾಗ ಸ್ನಾನ ಮಾಡಿಸಬೇಡಿ, ನೀರು ಬಿದ್ದರೆ ಇನ್ನೂ ಬಿಗಿಯುತ್ತದೆ. ಸ್ನಾನದ ನಂತರ ಕಿವಿಯ ಒಳಗೆ ಒಣಗಿಸಿ. ಜೋತುಬಿದ್ದ ಕಿವಿ, ಒಳಗೆ ಕೂದಲು, ಹೊರಗೆ ಮಳೆ, ಫಂಗಸ್‌ಗೆ ಇಷ್ಟು ಸಾಕು. ಮಳೆಗಾಲಕ್ಕೆ ಮೊದಲೇ, ಮೇ ಕೊನೆಗೆ, ಗಿಡ್ಡ ಕಟ್ ಮಾಡಿಸಿಬಿಡಿ. ಟೆಡ್ಡಿ ಲುಕ್ ಹೋಯಿತು ಅಂತ ಮಕ್ಕಳು ಸ್ವಲ್ಪ ಅಳುತ್ತಾರೆ, ಅಕ್ಟೋಬರ್‌ಗೆ ವಾಪಸ್ ಬರುತ್ತದೆ. ಶನಿವಾರ ಭಾನುವಾರ ನಮ್ಮಲ್ಲಿ ರಶ್, ವಾರದ ನಡುವೆ ಫೋನ್ ಮಾಡಿಯೇ ಬನ್ನಿ.