ಕೈ ಹಚ್ಚಬಾರದ ದುಡ್ಡು

ಕೆಲಸ ಹೋದ ಮೇಲೆ ಬಂದ ಮೊದಲ ಸಂಬಳದ ದಿನ, ಬೆಳಗ್ಗೆಯಿಂದ ಫೋನ್ ಕೈಯಲ್ಲೇ ಹಿಡಿದುಕೊಂಡಿದ್ದೆ. 11 ವರ್ಷ ಪ್ರತಿ ತಿಂಗಳೂ ಆ ದಿನ ಮಧ್ಯಾಹ್ನದೊಳಗೆ ಬ್ಯಾಂಕಿನ ಮೆಸೇಜ್ ಬರುತ್ತಿತ್ತು. ಈ ಸಲ ಬರೋದಿಲ್ಲ ಅಂತ ಗೊತ್ತಿತ್ತು. ಆದರೂ ಕಾಯುತ್ತಿದ್ದೆ. ಸಂಜೆ ಒಂದು ಮೆಸೇಜ್ ಬಂತು. ಮನೆ ಸಾಲದ ಕಂತು ಕಡಿತವಾಗಿದೆ ಅಂತ.

ನಮ್ಮ ಹತ್ತಿರ ದುಡ್ಡು ಇರಲಿಲ್ಲ ಅಂತಲ್ಲ. ಕಷ್ಟಕಾಲಕ್ಕೆ ಅಂತಲೇ ಬೇರೆ ಖಾತೆಯಲ್ಲಿ ಕೂಡಿಟ್ಟಿದ್ದೆವು. ಕನಿಷ್ಠ 3ರಿಂದ 6 ತಿಂಗಳ ಖರ್ಚು ಕೈಯಲ್ಲಿರಬೇಕು ಅಂತ ಎಲ್ಲರೂ ಹೇಳುತ್ತಾರಲ್ವಾ, ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಇದೆ ಅಂತ ನನಗೆ ಧೈರ್ಯವಿತ್ತು. ಆದರೆ ಅಷ್ಟು ವರ್ಷ ಮನೆಯಲ್ಲಿ ಒಂದೇ ಮಾತು: ಅದಕ್ಕೆ ಕೈ ಹಚ್ಚಬಾರದು. ಹೊಸ ಗಾಡಿ ಬೇಕು ಅನ್ನಿಸಿದಾಗಲೂ ಕೈ ಹಚ್ಚಲಿಲ್ಲ. ಈಗ ನಿಜವಾಗಿ ಹಚ್ಚಬೇಕಾದ ಹೊತ್ತು ಬಂದಾಗ ನನ್ನ ಕೈ ಮುಂದೆ ಹೋಗಲಿಲ್ಲ. ಅದನ್ನು ಮುಟ್ಟಿದರೆ ಕೆಲಸ ಹೋಗಿದ್ದು ನಿಜ ಅಂತ ನಾನೇ ಸಹಿ ಹಾಕಿದ ಹಾಗೆ ಅನ್ನಿಸುತ್ತಿತ್ತು.

ಹಾಗಾಗಿ ನಾನು ಮಾಡಿದ ತಪ್ಪು ಇದು. ಮನೆ ಸಾಮಾನು, ಬಿಲ್ಲು ಎಲ್ಲವನ್ನೂ ಕ್ರೆಡಿಟ್ ಕಾರ್ಡಿಗೆ ಹಾಕತೊಡಗಿದೆ. ಇವತ್ತೋ ನಾಳೆಯೋ ಕೆಲಸ ಸಿಗುತ್ತದೆ, ಸಿಕ್ಕ ಮೇಲೆ ಕಟ್ಟಿದರಾಯಿತು ಅಂತ. ಬಿಲ್ ಬಂದಾಗ ಅದರಲ್ಲಿ ಬರೆದಿದ್ದ ಕನಿಷ್ಠ ಮೊತ್ತವನ್ನಷ್ಟೇ ಕಟ್ಟಿದೆ. ಬಾಕಿ ಉಳಿಸಿಕೊಂಡರೆ ಉಳಿದ ಮೊತ್ತಕ್ಕೆ ಬಡ್ಡಿ ಬೀಳುತ್ತದೆ ಅಂತ ಗೊತ್ತಿತ್ತು. ಆದರೆ ಆಮೇಲೆ ಮಾಡುವ ಹೊಸ ಖರ್ಚಿಗೂ ಬಡ್ಡಿಯಿಲ್ಲದ ದಿನಗಳು ಸಿಗೋದಿಲ್ಲ, ಕೊಂಡ ದಿನದಿಂದಲೇ ಬಡ್ಡಿ ಶುರು ಅನ್ನೋದು ಗೊತ್ತಿರಲಿಲ್ಲ. ಉಳಿತಾಯ ಖಾತೆ ಕೊಡುವ ಬಡ್ಡಿ ಎಲ್ಲಿ, ಕಾರ್ಡಿನವರು ತೆಗೆದುಕೊಳ್ಳುವ ಬಡ್ಡಿ ಎಲ್ಲಿ! ದುಡ್ಡು ಇಟ್ಟುಕೊಂಡೇ ಸಾಲಗಾರನಾಗಿದ್ದೆ.

ಎರಡನೇ ಬಿಲ್ ಹೆಂಡತಿಯ ಕಣ್ಣಿಗೆ ಬಿತ್ತು. ಅವಳು ಜಗಳ ಮಾಡಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಮಗಳ ಹಳೇ ಲೆಕ್ಕದ ನೋಟ್‌ಬುಕ್ ತಂದು ನನ್ನ ಮುಂದೆ ಇಟ್ಟಳು. "ರೀ, ಎಷ್ಟಿದೆ, ಎಷ್ಟು ದಿನ ಬರುತ್ತೆ, ಅಷ್ಟು ಹೇಳಿ. ನನಗೆ ಗೊತ್ತಾಗಬೇಕು" ಅಂದಳು.

"ಕಾರ್ಡಿನ ಬಾಕಿ ತೀರಿಸಿದರೂ 8 ತಿಂಗಳು ಬರುತ್ತೆ" ಅಂದೆ.

"ಹೇಗೆ ಹೇಳ್ತೀರಿ?"

ಹೇಗೆ ಅಂತ ನನಗೂ ಗೊತ್ತಿರಲಿಲ್ಲ. ಒಂದು ಅಂದಾಜು, ಅಷ್ಟೇ. ಅವಳು ಹಿಂದಿನ 12 ತಿಂಗಳ ಬ್ಯಾಂಕ್ ಲೆಕ್ಕ ತೆರೆದು ಒಂದೊಂದಾಗಿ ಓದುತ್ತಾ ಹೋದಳು. ನಾನು ಗುಣಾಕಾರದ ಲೆಕ್ಕಗಳು ಮುಗಿದ ಪುಟದ ಆಚೆ, ಖಾಲಿ ಹಾಳೆಗಳಲ್ಲಿ ಬರೆಯುತ್ತಾ ಹೋದೆ. ತಿಂಗಳು ತಿಂಗಳು ಬರುವ ಖರ್ಚು ನನಗೆ ಬಾಯಿಪಾಠ. ನಾನು ಮರೆತದ್ದು ವರ್ಷಕ್ಕೊಮ್ಮೆ ಬರುವವನ್ನು. ಶಾಲೆಯ ಫೀಸು, ವಿಮೆಯ ಕಂತು, ಮನೆ ತೆರಿಗೆ, ಗಾಡಿ ಸರ್ವಿಸು. ಎಲ್ಲಾ ಕೂಡಿಸಿ 12ರಿಂದ ಭಾಗಿಸಿದಾಗ ನಿಜವಾದ ತಿಂಗಳ ಖರ್ಚು ನನ್ನ ಅಂದಾಜಿಗಿಂತ ಮೂರನೇ ಒಂದು ಪಾಲು ಜಾಸ್ತಿ ಬಂತು. 8 ತಿಂಗಳು ಅಂದುಕೊಂಡಿದ್ದು 6ಕ್ಕೆ ಇಳಿಯಿತು. ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಅವಳೇ ಪೆನ್ನು ತೆಗೆದುಕೊಂಡಳು. ಪ್ರತಿ ಸಾಲಿನ ಪಕ್ಕ ಒಂದು ಅಕ್ಷರ. ಬೇಕೇ ಬೇಕು ಅನ್ನೋದಕ್ಕೆ 'ಬೇ', ತಗ್ಗಿಸಬಹುದು ಅನ್ನೋದಕ್ಕೆ 'ತ', ನಿಲ್ಲಿಸಬಹುದು ಅನ್ನೋದಕ್ಕೆ 'ನಿ'. ಮೊದಲ 'ಬೇ' ನಮ್ಮ ಅಮ್ಮನ ಮಾತ್ರೆಗಳಿಗೆ. ಎರಡನೆಯದು ಆರೋಗ್ಯ ವಿಮೆಗೆ, ಯಾಕೆಂದರೆ ಕಂಪನಿ ಕೊಟ್ಟಿದ್ದ ವಿಮೆ ಕೆಲಸದ ಜೊತೆಗೇ ಹೋಗಿತ್ತು. ಮಗಳ ಚಿತ್ರಕಲೆ ಕ್ಲಾಸಿಗೆ ನಾನು 'ನಿ' ಅಂದೆ. ಅವಳು 'ಬೇ' ಬರೆದಳು. ಕಾರಣ ಕೇಳಲಿಲ್ಲ. ಆ ಒಂದು ಸಾಲನ್ನು ನೋಡಿದಾಗ ಇವತ್ತಿಗೂ ಅವಳು ಮಾಡಿದ್ದೇ ಸರಿ ಅನ್ನಿಸುತ್ತದೆ. 'ನಿ' ಬಿದ್ದವುಗಳಲ್ಲಿ ಮೂರು, ನಾವು ಬಳಸುವುದನ್ನೇ ಬಿಟ್ಟಿದ್ದರೂ ತಿಂಗಳು ತಿಂಗಳು ತಾವಾಗಿಯೇ ಕಡಿತವಾಗುತ್ತಿದ್ದ ಚಂದಾಗಳು. ಸಾಲದ ಕಂತು ಇನ್ನೂ ತಪ್ಪಿರಲಿಲ್ಲ. ತಪ್ಪುವ ಮುಂಚೆಯೇ ಹೋಗಿ ಮಾತಾಡಬೇಕು ಅಂತ ಮರುದಿನವೇ ಬ್ಯಾಂಕಿಗೆ ಹೋದೆ. ಸಾಲದ ಅವಧಿ ಉದ್ದ ಮಾಡಿ ಕಂತು ಇಳಿಸಿಕೊಟ್ಟರು. ಒಟ್ಟು ಬಡ್ಡಿ ಜಾಸ್ತಿಯಾಗುತ್ತದೆ, ಗೊತ್ತು. ಆದರೆ ಆಗ ನಮಗೆ ಬೇಕಾಗಿದ್ದು ತಿಂಗಳುಗಳು. ಹೀಗೆ ಖರ್ಚಿನಲ್ಲಿ ಕಾಲು ಭಾಗ ಇಳಿಯಿತು. 6 ತಿಂಗಳು ಮತ್ತೆ 8 ಆಯಿತು. ಈ ಸಲ ಲೆಕ್ಕ ಹಾಕಿದ 8.

ಇನ್ನೊಂದು ಏರ್ಪಾಟು ಮಾಡಿದೆವು. ಕಾರ್ಡಿನ ಬಾಕಿ ಪೂರ್ತಿ ತೀರಿಸಿದೆವು. ಆಮೇಲೆ ಕೂಡಿಟ್ಟ ದುಡ್ಡಿನ ಖಾತೆಯಿಂದ ನಮ್ಮ ದಿನಬಳಕೆಯ ಖಾತೆಗೆ ಪ್ರತಿ 1ನೇ ತಾರೀಕು ಒಂದು ತಿಂಗಳ ಖರ್ಚಿನಷ್ಟು ದುಡ್ಡು ತಾನಾಗಿಯೇ ಬರುವ ಹಾಗೆ ಬ್ಯಾಂಕಿಗೆ ಹೇಳಿದೆವು. ಸಂಬಳ ಬಂದ ಹಾಗೇ. ಇದರಿಂದ ನನಗಾದ ಉಪಕಾರ ಇಷ್ಟಿಷ್ಟಲ್ಲ. ಅಲ್ಲಿಯವರೆಗೆ ರಾತ್ರಿ ಎರಡು ಗಂಟೆಗೆ ಎದ್ದು ದೊಡ್ಡ ಖಾತೆಯ ಮೊತ್ತ ನೋಡುತ್ತಿದ್ದೆ. ಪ್ರತಿ ಸಲ ಕಡಿಮೆ ಅನ್ನಿಸುತ್ತಿತ್ತು. ಈಗ ನೋಡಬೇಕಾದದ್ದು ಆ ತಿಂಗಳದ್ದು ಮಾತ್ರ. ಕೂಡಿಟ್ಟ ದುಡ್ಡಿನಲ್ಲಿ ಒಂದು ಪಾಲು ಠೇವಣಿಯಲ್ಲಿತ್ತು. ಅದನ್ನು ಒಂದೇ ಗಂಟಾಗಿ ಇಡದೆ 4 ಭಾಗ ಮಾಡಿ ಇಟ್ಟಿದ್ದು ಕೂಡ ಕೈ ಹಿಡಿಯಿತು. ಅವಧಿಗೆ ಮುಂಚೆ ಮುರಿಯಬೇಕಾಗಿದ್ದು ಒಂದನ್ನು ಮಾತ್ರ. ಬಡ್ಡಿ ಕಡಿತವಾಗಿದ್ದು ಅದೊಂದಕ್ಕೇ.

ಎಲ್ಲಾ ಸರಿ ಮಾಡಿದೆವು ಅಂದುಕೊಂಡಿದ್ದೆ. ಅಮ್ಮನಿಗೆ ಹೇಳುವುದನ್ನು ಬಿಟ್ಟಿದ್ದೆವು.

ಕೆಲಸ ಹೋಗಿದೆ ಅನ್ನೋದು ಅವರಿಗೆ ಗೊತ್ತಿತ್ತು. ಲೆಕ್ಕ ಗೊತ್ತಿರಲಿಲ್ಲ. ವಯಸ್ಸಾದವರಿಗೆ ಯಾಕೆ ಚಿಂತೆ ಕೊಡೋದು ಅಂತ ನಾವಿಬ್ಬರೂ ಅವರ ಮುಂದೆ ದುಡ್ಡಿನ ಮಾತೇ ಆಡುತ್ತಿರಲಿಲ್ಲ. ನೋಟ್‌ಬುಕ್ಕಿನ ಲೆಕ್ಕದ ನಾಲ್ಕನೇ ತಿಂಗಳು ಒಂದು ದಿನ ಬಿಪಿ ಮಾತ್ರೆ ತರೋಣ ಅಂತ ಅವರ ಡಬ್ಬಿ ತೆಗೆದೆ. ಮುಗಿದಿರಬೇಕಾಗಿದ್ದ ಮಾತ್ರೆಯ ಪಟ್ಟಿಯಲ್ಲಿ ಅರ್ಧಕ್ಕರ್ಧ ಹಾಗೇ ಇದ್ದವು. ಎಣಿಸಿದೆ. ಮತ್ತೊಮ್ಮೆ ಎಣಿಸಿದೆ. ದಿನ ಬಿಟ್ಟು ದಿನ ನುಂಗುತ್ತಿದ್ದರು.

"ಏನಮ್ಮಾ ಇದು?" ಅಂದೆ. ಧ್ವನಿ ಜೋರಾಯಿತು.

ಅಮ್ಮ ಸೆರಗಿನ ತುದಿ ಸುತ್ತುತ್ತಾ ಕೂತಿದ್ದರು. "ನನ್ನ ಕೈಲಿ ಇನ್ನೇನು ಉಳಿಸೋಕೆ ಆಗುತ್ತೆ ಹೇಳಪ್ಪಾ. ನೀವಿಬ್ರೂ ರಾತ್ರಿಯೆಲ್ಲಾ ಪಿಸುಪಿಸು ಮಾತಾಡ್ತೀರಿ. ಮನೆಯಲ್ಲಿ ಏನೂ ಉಳಿದಿಲ್ಲ ಅಂದ್ಕೊಂಡೆ" ಅಂದರು.

ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಬಿಪಿ ತುಂಬಾ ಏರಿತ್ತು. ಆ ಮಾತ್ರೆಗಳು ದಿನಾ ಹೋದರೇನೇ ಕೆಲಸ ಮಾಡುವುದು. ಪರೀಕ್ಷೆಗಳು, ಹೊಸ ಮಾತ್ರೆಗಳು, ಮತ್ತೆ ಮತ್ತೆ ಓಡಾಟ, ಎಲ್ಲಾ ಸೇರಿ ನೋಟ್‌ಬುಕ್ಕಿನ ಲೆಕ್ಕದಲ್ಲಿ ಅರ್ಧ ತಿಂಗಳು ಹೋಯಿತು. ದುಡ್ಡು ಹೋದರೆ ಹೋಗಲಿ. ಡಬ್ಬಿ ಹಿಡಿದುಕೊಂಡು ನಿಂತ ಆ ಗಳಿಗೆ ನೆನಪಾದರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನಾವು ಹೇಳದೆ ಬಿಟ್ಟ ಜಾಗದಲ್ಲಿ ಅವರು ತಮ್ಮದೇ ಲೆಕ್ಕ ಹಾಕಿಕೊಂಡಿದ್ದರು. ಆ ಲೆಕ್ಕದಲ್ಲಿ ಮೊದಲು ಕತ್ತರಿ ಹಾಕಿದ್ದು ತಮಗೇ.

ಆ ರಾತ್ರಿ ನೋಟ್‌ಬುಕ್ ತಂದು ಅಮ್ಮನ ಪಕ್ಕ ಕೂತು ಒಂದೊಂದೇ ಸಾಲು ಓದಿ ಹೇಳಿದೆ. ಮೊದಲ ಸಾಲು ಅವರ ಮಾತ್ರೆ, ಪಕ್ಕದಲ್ಲಿ 'ಬೇ'. ಅದರ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ನೋಡಿದರು. "ಇಷ್ಟು ದಿನ ಬರುತ್ತಾ?" ಅಂತ ಕೇಳಿದರು. ಬರುತ್ತಮ್ಮಾ ಅಂದೆ. ಮಗಳೂ ಬಂದು ಕೂತಳು. ಅಂದಿನಿಂದ ಪ್ರತಿ 1ನೇ ತಾರೀಕು ಆ ತಿಂಗಳ ಪುಟಕ್ಕೆ ಅಡ್ಡಗೆರೆ ಹಾಕುವ ಕೆಲಸ ಅಮ್ಮನದಾಯಿತು.

ಈ ನಡುವೆ ಒಂದು ಕೆಲಸ ಬಂದಿತ್ತು. ಸಂಬಳವಿಲ್ಲ, ವ್ಯಾಪಾರ ತಂದರೆ ಮಾತ್ರ ಕಮಿಷನ್. ಮೊದಲಿನ ನಾನಾಗಿದ್ದರೆ ಹೆದರಿ ಒಪ್ಪುತ್ತಿದ್ದೆ. ನೋಟ್‌ಬುಕ್ ನೋಡಿಕೊಂಡು ಬೇಡ ಅಂದೆ. ಆರನೇ ತಿಂಗಳು ಸರಿಯಾದ ಕೆಲಸ ಸಿಕ್ಕಿತು. ಸಂಬಳ ಹಳೆಯದಕ್ಕಿಂತ ಸ್ವಲ್ಪ ಕಡಿಮೆ, ಆದರೆ ನನಗೆ ಬರುವ ಕೆಲಸ. ಒಂದು ವಿಷಯ ಮಾತ್ರ ನಾನು ಯೋಚಿಸಿರಲಿಲ್ಲ. ಕೆಲಸ ಸಿಕ್ಕ ದಿನಕ್ಕೂ ಸಂಬಳ ಕೈಗೆ ಬರುವ ದಿನಕ್ಕೂ ನಡುವೆ ಎಷ್ಟೊಂದು ದಿನ! ಸೇರುವುದಕ್ಕೆ ಕೆಲವು ವಾರ, ಸೇರಿದ ಮೇಲೆ ಒಂದು ತಿಂಗಳು. ದಿನಾ ಆಫೀಸಿಗೆ ಹೋಗುತ್ತಿದ್ದರೂ ಮನೆ ನಡೆಯುತ್ತಿದ್ದದ್ದು ಕೂಡಿಟ್ಟ ದುಡ್ಡಿನಲ್ಲೇ. ಏಳನೇ ತಿಂಗಳ ಕೊನೆಗೆ ಆ ಖಾತೆಯಲ್ಲಿ ಉಳಿದಿದ್ದು ಸರಿಯಾಗಿ 15 ದಿನದ ಖರ್ಚು.

ಸಂಬಳದ ಮೆಸೇಜ್ ಬಂದಾಗ ನಾನು ಆಫೀಸಿನಲ್ಲಿದ್ದೆ. ಮನೆಗೆ ಫೋನ್ ಮಾಡಿದೆ. ಅಮ್ಮ ಎತ್ತಿದರು. ಬಂತಮ್ಮಾ ಅಂದೆ, ಇನ್ನೇನೂ ಹೇಳಲಾಗಲಿಲ್ಲ. ಸಂಜೆ ಮನೆಗೆ ಬಂದು 1ನೇ ತಾರೀಕಿನ ಆ ಏರ್ಪಾಟನ್ನು ರದ್ದು ಮಾಡಿದೆ. ಅದರ ಜಾಗದಲ್ಲಿ ಹೊಸದೊಂದು ಹಾಕಿದೆ. ಈ ಸಲ ದಿನಬಳಕೆಯ ಖಾತೆಯಿಂದ ಆ ಖಾತೆಗೆ. ಮೊತ್ತ ಸಣ್ಣದು, ಎರಡು ದಿನದ ಖರ್ಚಿನಷ್ಟು. ಅಮ್ಮ ನೋಟ್‌ಬುಕ್ ತಂದು, "ಇದನ್ನ ಯಾವ ಪುಟದಲ್ಲಿ ಬರೀಬೇಕಪ್ಪಾ?" ಅಂದರು. ಹೊಸ ಪುಟ ತೆರೆದುಕೊಟ್ಟೆ.